ಅಟ್ಟದ ಮೇಲೆ ಹದಿನಾಲ್ಕು ಟಾರ್ಚ್

ಅಟ್ಟದ ಮೇಲೆ ಹದಿನಾಲ್ಕು ಟಾರ್ಚ್ ಸಿಕ್ಕವು. ಒಂದನ್ನೂ ಡಬ್ಬಿಯಿಂದ ಆಚೆ ತೆಗೆದಿರಲಿಲ್ಲ. ಅತ್ತೆ ಏಣಿ ಮೇಲೆ ನಿಂತು ಒಂದೊಂದನ್ನೇ ಕೆಳಗೆ ಕೊಡುತ್ತಿದ್ದರು, ನಾನು ಹಿಡಿದು ಚಾಪೆ ಮೇಲೆ ಜೋಡಿಸುತ್ತಿದ್ದೆ, ಮಾವ ಪಕ್ಕದ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಮೊಬೈಲಿನಲ್ಲಿ ರಮ್ಮಿ ಆಡುತ್ತಿದ್ದರು.

"ಏನೋ ಮಗ ಇದು, ಕರೆಂಟ್ ಹೋದ್ರೆ ಇಡೀ ಬೀದಿಗೆ ಹಂಚೋಕಾ?" ಅಂದರು ಅತ್ತೆ. ನಗು ಬಂತು. ಅವರ ಮುಖ ನೋಡಿ ನಗಲಿಲ್ಲ.

ಮಾವ ಅಂದರೆ ನನ್ನ ತಾಯಿಯ ಅಣ್ಣ. ಮದ್ದೂರಿನ ಹತ್ತಿರದ ಹಳ್ಳಿಯವರು, ಮೇಷ್ಟ್ರಾಗಿದ್ದು ರಿಟೈರ್ ಆದವರು. ಯುಗಾದಿ ಹಬ್ಬದಲ್ಲಿ ಊರೆಲ್ಲ ಅರಳಿಕಟ್ಟೆ ಮೇಲೆ ಇಸ್ಪೀಟ್ ಹಾಕಿಕೊಂಡು ಕೂತರೆ ಇವರು ಆ ದಾರಿಯಲ್ಲೇ ಹೋಗುತ್ತಿರಲಿಲ್ಲ. ಚೀಟಿ ಹಾಕೋದಕ್ಕೂ ಹತ್ತು ಸಲ ಯೋಚಿಸುತ್ತಿದ್ದ ಮನುಷ್ಯ. ಅಂಥವರಿಗೆ 63ಕ್ಕೆ ಪಾರ್ಕಿನ್ಸನ್ ಅನ್ನೋ, ಕೈ ನಡುಗಿ ಓಡಾಟ ನಿಧಾನವಾಗುವ ಮಿದುಳಿನ ಕಾಯಿಲೆ ಬಂತು, 66ಕ್ಕೆ ಜೂಜು ಬಂತು. ಎರಡಕ್ಕೂ ಸಂಬಂಧ ಇರಬಹುದು ಅಂತ ಮನೆಯಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ವಯಸ್ಸಾದಮೇಲೆ ಬುದ್ಧಿ ಕೆಟ್ಟಿತು ಅಂದರು ಕೆಲವರು. ಯಾರೋ ಮಾಟ ಅಂದರು. ಅತ್ತೆ ಯಾರ ಹತ್ತಿರವೂ ಹೇಳಿಕೊಳ್ಳದೆ ಒಂದು ವರ್ಷ ಸುಮ್ಮನಿದ್ದರು.

ಸಂಬಂಧ ಇತ್ತು. ಡೋಪಮಿನ್ ಅನ್ನೋ ಒಂದೇ ರಾಸಾಯನಿಕ ಎರಡೂ ಕಡೆ ಇತ್ತು. ಅದನ್ನು ಬಿಡಿಸಿ ಹೇಳಬೇಕು ಅಂತಲೇ ಇದನ್ನು ಬರೆಯುತ್ತಿದ್ದೇನೆ, ಏಕೆಂದರೆ ಇಂಥದ್ದು ನಡೆಯುತ್ತಿರುವ ಮನೆಗಳಲ್ಲಿ ಹೆಚ್ಚಿನವರು ನಾಚಿಕೆಗೆ ಬಾಯಿ ಬಿಡುವುದಿಲ್ಲ.

ಡೋಪಮಿನ್ ಅಂದ ತಕ್ಷಣ ಈಗ ಎಲ್ಲರಿಗೂ ರೀಲ್ಸ್ ನೆನಪಾಗುತ್ತದೆ. ಲೈಕ್ ಬಂದರೆ ಡೋಪಮಿನ್, ಪಾನಿಪುರಿ ತಿಂದರೆ ಡೋಪಮಿನ್, ಆಮೇಲೆ ಅದನ್ನೆಲ್ಲ ಬಿಡೋದಕ್ಕೆ ಡೋಪಮಿನ್ ಡಿಟಾಕ್ಸ್. ಏನೋ ಸುಖದ ರಸ ಇದ್ದ ಹಾಗೆ ಮಾತಾಡುತ್ತಾರೆ. ಪಾರ್ಕಿನ್ಸನ್ ಇರುವವರ ಜೊತೆ ಒಂದು ವಾರ ಇದ್ದು ನೋಡಿ, ಈ ಮಾತು ಎಷ್ಟು ಪೊಳ್ಳು ಅಂತ ಗೊತ್ತಾಗುತ್ತದೆ. ಅವರಲ್ಲಿ ಡೋಪಮಿನ್ ಕಮ್ಮಿ. ಹಾಗಂತ ಮೊಮ್ಮಗಳು ಬಂದರೆ ಖುಷಿಯಾಗದೇ ಇರುವುದಿಲ್ಲ. ಆಗದೇ ಇರೋದು ಕುರ್ಚಿಯಿಂದ ಏಳೋದು. ಏಳಬೇಕು ಅಂತ ಗೊತ್ತು, ಕಾಲಿನಲ್ಲಿ ಶಕ್ತಿಯೂ ಇದೆ, ಆದರೂ ಏಳುವ ಕೆಲಸ ಶುರುವೇ ಆಗುವುದಿಲ್ಲ.

ಮಾವ ಬೆಳಿಗ್ಗೆ ಶರ್ಟಿನ ಗುಂಡಿ ಹಾಕಿಕೊಳ್ಳೋದನ್ನು ಎಷ್ಟೋ ಸಲ ನೋಡಿದ್ದೇನೆ. ಮೊದಲ ಗುಂಡಿಗೆ ಬೆರಳು ಹೋಗಿ ನಿಲ್ಲುತ್ತದೆ. ಕಾಜಾ ಸಿಕ್ಕಿದೆ, ಗುಂಡಿ ಬೆರಳ ತುದಿಯಲ್ಲೇ ಇದೆ, ಒಳಗೆ ತಳ್ಳಬೇಕು ಅಷ್ಟೆ. ತಳ್ಳುವುದಿಲ್ಲ. ಹಾಗೇ ಇರುತ್ತದೆ. ಹೆಬ್ಬೆರಳು ಮಾತ್ರ ಮಾತ್ರೆ ಉರುಳಿಸುವ ಹಾಗೆ ತೋರುಬೆರಳಿನ ಮೇಲೆ ಉಜ್ಜುತ್ತಾ ಇರುತ್ತದೆ. ಬೆಳಗಿನ ಮಾತ್ರೆ ನುಂಗಿ ಮುಕ್ಕಾಲು ಗಂಟೆ ಆದಮೇಲೆ ಅದೇ ಕೈ ಐದು ಗುಂಡಿಯನ್ನೂ ಯಾರಿಗೂ ಗೊತ್ತಾಗದ ಹಾಗೆ ಹಾಕಿ ಮುಗಿಸುತ್ತದೆ. ಆ ಮುಕ್ಕಾಲು ಗಂಟೆಯಲ್ಲಿ ಮಿದುಳಿಗೆ ಹೋಗಿ ಸೇರಿದ್ದು ಡೋಪಮಿನ್.

ಮಿದುಳಿನ ನಡುಭಾಗದಲ್ಲಿ ಕಪ್ಪಗೆ ಕಾಣುವ ಒಂದು ಸಣ್ಣ ಪಟ್ಟಿ ಇದೆ. ಅದಕ್ಕೆ ಸಬ್‌ಸ್ಟಾನ್ಷಿಯಾ ನೈಗ್ರಾ ಅಂತ ಲ್ಯಾಟಿನ್ ಹೆಸರು. ಕೇಳೋದಕ್ಕೆ ಜೋರಾಗಿದೆ, ಅರ್ಥ ಮಾತ್ರ 'ಕಪ್ಪು ಪದಾರ್ಥ' ಅಂತಷ್ಟೇ. ಅಲ್ಲಿನ ನರಕೋಶಗಳು ಡೋಪಮಿನ್ ತಯಾರಿಸಿ ಸ್ಟ್ರಯಾಟಮ್ ಅನ್ನೋ ಭಾಗಕ್ಕೆ ಕಳಿಸುತ್ತವೆ. ಹೆಜ್ಜೆ ಹಾಕು, ಕೈ ಎತ್ತು, ಈಗ ನಿಲ್ಲಿಸು, ಇಂಥ ಕೆಲಸಗಳಿಗೆ ಅಲ್ಲಿಂದ ಅಪ್ಪಣೆ ಸಿಗಬೇಕು. ಪಾರ್ಕಿನ್ಸನ್‌ನಲ್ಲಿ ಈ ಕೋಶಗಳು ಒಂದೊಂದಾಗಿ ಸಾಯುತ್ತವೆ. ಮೊದಲ ಸಲ ಕೈ ನಡುಗಿದ್ದು ಕಣ್ಣಿಗೆ ಬೀಳುವ ಹೊತ್ತಿಗೆ ಸುಮಾರು ಅರ್ಧದಷ್ಟೋ ಅದಕ್ಕಿಂತ ಜಾಸ್ತಿಯೋ ಹೋಗಿಬಿಟ್ಟಿರುತ್ತವೆ. ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ಕಾಯಿಲೆ ಬಗ್ಗೆ ಬರೆದಾಗ ಅವರ ಮುಂದೆ ಇದ್ದಿದ್ದು ಆರೇ ಜನ, ಅದರಲ್ಲೂ ಕೆಲವರನ್ನು ಬರೀ ಬೀದಿಯಲ್ಲಿ ಕಂಡಿದ್ದು. ಡೋಪಮಿನ್ ಕೊರತೆಯಿಂದ ಹೀಗಾಗುತ್ತದೆ ಅಂತ ತಿಳಿಯೋದಕ್ಕೆ ಇನ್ನೂ ನೂರನಲವತ್ತು ವರ್ಷ ಬೇಕಾಯಿತು.

ಆ ಕತೆಯಲ್ಲಿ ನಮ್ಮ ಕಡೆಯ ಒಂದು ಗಿಡವೂ ಇದೆ. ಸರ್ಪಗಂಧ. ಹಳ್ಳಿ ವೈದ್ಯರು ನಿದ್ದೆ ಬಾರದವರಿಗೆ, ಹುಚ್ಚಿಗೆ ಅಂತ ಕೊಡುತ್ತಿದ್ದ ಬೇರು. ಮುಂಬೈಯ ಡಾಕ್ಟರ್ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಅದು ರಕ್ತದೊತ್ತಡ ಇಳಿಸುತ್ತದೆ ಅಂತ ಬರೆದರು, ಜಗತ್ತಿನ ಗಮನ ಅದರ ಮೇಲೆ ಬಿತ್ತು. ಆ ಬೇರಿನಿಂದ ತೆಗೆದ ರೆಸರ್ಪಿನ್ ಅನ್ನೋ ಔಷಧವನ್ನು ಸ್ವೀಡನ್ನಿನ ಅರ್ವಿಡ್ ಕಾರ್ಲ್‌ಸನ್ 1950ರ ದಶಕದ ಕೊನೆಯಲ್ಲಿ ಮೊಲಗಳಿಗೆ ಕೊಟ್ಟರು. ಮೊಲಗಳು ಕಿವಿ ಜೋಲು ಬಿಟ್ಟುಕೊಂಡು ಕಲ್ಲಿನ ಹಾಗೆ ಕೂತವು. ಆಮೇಲೆ ಮಿದುಳಿಗೆ ಹೋಗಿ ಡೋಪಮಿನ್ ಆಗುವ ಲೀವೋಡೋಪ ಚುಚ್ಚಿದರು, ಎದ್ದು ಓಡಾಡತೊಡಗಿದವು. ರೆಸರ್ಪಿನ್ ಅವುಗಳ ಮಿದುಳಿನ ಡೋಪಮಿನ್ ಖಾಲಿ ಮಾಡಿತ್ತು, ಲೀವೋಡೋಪ ತುಂಬಿಕೊಟ್ಟಿತು. 1960ರಲ್ಲಿ ವಿಯೆನ್ನಾದ ಓಲೆ ಹಾರ್ನಿಕೀವಿಚ್ ಪಾರ್ಕಿನ್ಸನ್‌ನಿಂದ ಸತ್ತವರ ಮಿದುಳುಗಳನ್ನು ಪರೀಕ್ಷಿಸಿ, ಅಲ್ಲಿ ಡೋಪಮಿನ್ ತೀರಾ ಕಮ್ಮಿ ಇರುವುದನ್ನು ತೋರಿಸಿದರು. ಕಾರ್ಲ್‌ಸನ್‌ಗೆ 2000ದಲ್ಲಿ ನೊಬೆಲ್ ಬಂತು.

ನೇರವಾಗಿ ಡೋಪಮಿನ್ ಮಾತ್ರೆಯನ್ನೇ ಕೊಡಬಹುದಲ್ವಾ ಅಂತ ಕೇಳಬಹುದು. ಆಗುವುದಿಲ್ಲ. ರಕ್ತದಿಂದ ಮಿದುಳಿಗೆ ಹೋಗುವ ದಾರಿಯಲ್ಲಿ ಒಂದು ಜರಡಿ ಇದೆ, ಡೋಪಮಿನ್ ಅದನ್ನು ದಾಟುವುದಿಲ್ಲ. ಲೀವೋಡೋಪ ದಾಟುತ್ತದೆ, ಒಳಗೆ ಹೋಗಿ ಡೋಪಮಿನ್ ಆಗುತ್ತದೆ. ಹೊಟ್ಟೆ, ರಕ್ತದಲ್ಲೇ ಮಾರ್ಪಟ್ಟು ವಾಂತಿ ಬರಿಸದೇ ಇರಲಿ ಅಂತ ಜೊತೆಗೆ ಕಾರ್ಬಿಡೋಪ ಸೇರಿಸುತ್ತಾರೆ. ಇಲ್ಲಿ ಎಷ್ಟೋ ಮನೆಗಳಲ್ಲಿ 'ಸಿಂಡೋಪ' ಅಂತ ಕರೆಯುವ ಮಾತ್ರೆ ಇದೇ. ನಸುಗುನ್ನಿ ಬೀಜದಲ್ಲೂ ಲೀವೋಡೋಪ ಇದೆ, 1937ರಲ್ಲೇ ಮದ್ರಾಸಿನ ಕೆಮಿಸ್ಟ್‌ಗಳು ಅದನ್ನು ಬೇರ್ಪಡಿಸಿ ತೋರಿಸಿದ್ದರು. ಹೌದು, ಅದೇ ನಸುಗುನ್ನಿ, ಚಿಕ್ಕವರಿದ್ದಾಗ ಬೇರೆಯವರ ಮೈಗೆ ಉಜ್ಜಿ ತುರಿಸಿಕೊಳ್ಳುವ ಹಾಗೆ ಮಾಡುತ್ತಿದ್ದ ಕಾಯಿ. ಈ ಮಾತು ಓದಿ ಯಾರೂ ಅಂಗಡಿಯಿಂದ ಪುಡಿ ತಂದು ಮಾತ್ರೆ ಜೊತೆ ನುಂಗಬೇಡಿ. ಎಷ್ಟು ಡೋಸ್ ಹೋಯಿತು ಅಂತ ಡಾಕ್ಟರಿಗೂ ಗೊತ್ತಾಗುವುದಿಲ್ಲ, ನಿಮಗೂ ಗೊತ್ತಾಗುವುದಿಲ್ಲ.

ಲೀವೋಡೋಪ ಒಳ್ಳೆ ಔಷಧ, ಇವತ್ತಿಗೂ ಅದನ್ನು ಮೀರಿಸಿದ್ದು ಬಂದಿಲ್ಲ. ಆದರೆ ಬೇಗ ಇಳಿದುಹೋಗುತ್ತದೆ. ಒಂದೂವರೆ ಗಂಟೆಯೊಳಗೆ ರಕ್ತದಲ್ಲಿ ಅರ್ಧ ಆಗಿರುತ್ತದೆ. ಕೆಲವು ವರ್ಷ ಕಳೆದಮೇಲೆ ಮಾತ್ರೆ ಹಿಡಿದಾಗ 'ಆನ್', ಬಿಟ್ಟಾಗ 'ಆಫ್' ಅನ್ನೋ ಸ್ಥಿತಿ ಬರುತ್ತದೆ, ಜೊತೆಗೆ ಕೆಲವರಿಗೆ ಮೈ ತಾನಾಗಿ ಹೊಯ್ದಾಡುತ್ತದೆ. ಅದಕ್ಕೇ ಡಾಕ್ಟರುಗಳು ಇನ್ನೊಂದು ಜಾತಿಯ ಮಾತ್ರೆ ಸೇರಿಸುತ್ತಾರೆ. ಪ್ರಮಿಪೆಕ್ಸೋಲ್, ರೋಪಿನಿರೋಲ್ ಇಂಥವು. ಇವು ಡೋಪಮಿನ್ ಆಗಿ ಬದಲಾಗುವುದಿಲ್ಲ, ಡೋಪಮಿನ್ ಕೂರುವ ಜಾಗದಲ್ಲಿ ತಾವೇ ಹೋಗಿ ಕೂತು ಅದರ ಕೆಲಸ ಮಾಡುತ್ತವೆ. ಪ್ರಮಿಪೆಕ್ಸೋಲ್ ಎಂಟರಿಂದ ಹನ್ನೆರಡು ಗಂಟೆಯಾದರೂ ಅರ್ಧ ಉಳಿದಿರುತ್ತದೆ. ಮಾವನಿಗೆ ಕೊಟ್ಟಿದ್ದು ಇದನ್ನೇ. ಮೂರು ತಿಂಗಳಲ್ಲಿ ನಡಿಗೆ ಎಷ್ಟು ಸುಧಾರಿಸಿತು ಅಂದರೆ ಒಬ್ಬರೇ ಸಂತೆಗೆ ಹೋಗಿ ಬರತೊಡಗಿದರು. ಮೊದಲನೇ ಟಾರ್ಚ್ ಬಂದಿದ್ದು ಸಂತೆಯಿಂದ.

ತೊಂದರೆ ಎಲ್ಲಿಂದ ಶುರುವಾಗುತ್ತದೆ ಅನ್ನೋದಕ್ಕೆ ನಮ್ಮ ಮಂಡ್ಯದ ಕಡೆಯವರಿಗೆ ನಾಲೆ ಉದಾಹರಣೆ ಸಾಕು. ವಿಶ್ವೇಶ್ವರಯ್ಯ ನಾಲೆಯ ಕೊನೆ ಭಾಗದ ರೈತರ ಗೋಳು ಗೊತ್ತಲ್ಲ, ಮೇಲಿನವರಿಗೆ ನೀರು ಧಾರಾಳ, ಕೊನೇ ಗದ್ದೆಗೆ ಬರುವಷ್ಟರಲ್ಲಿ ನಾಲೆ ಒಣಗಿರುತ್ತದೆ. ಕೊನೇ ಗದ್ದೆಗೂ ಸೇರಲಿ ಅಂತ ಜೋರಾಗಿ ನೀರು ಬಿಟ್ಟರೆ ಮೇಲಿನ ಗದ್ದೆ ಮುಳುಗುತ್ತದೆ. ಮಿದುಳಿನಲ್ಲೂ ಡೋಪಮಿನ್ ಹೋಗುವುದು ಒಂದೇ ಗದ್ದೆಗೆ ಅಲ್ಲ. ಚಲನೆ ನೋಡಿಕೊಳ್ಳುವ ಸ್ಟ್ರಯಾಟಮ್‌ನ ಮೇಲ್ಭಾಗ ಕೊನೇ ಗದ್ದೆ ಇದ್ದ ಹಾಗೆ, ಪಾರ್ಕಿನ್ಸನ್‌ನಲ್ಲಿ ಮೊದಲು ಒಣಗುತ್ತದೆ. ಅದೇ ಸ್ಟ್ರಯಾಟಮ್‌ನ ಕೆಳಭಾಗ, ಆಸೆ, ಬಯಕೆ, ಬಹುಮಾನದ ಲೆಕ್ಕಾಚಾರ ನಡೆಯುವ ಜಾಗ, ಇನ್ನೂ ತಕ್ಕಮಟ್ಟಿಗೆ ಹಸಿಯಾಗೇ ಇರುತ್ತದೆ. ಒಣಗಿದ ಕಡೆಗೆ ಅಂತ ಅಳೆದು ಕೊಟ್ಟ ಔಷಧ ಹಸಿ ಇದ್ದ ಕಡೆಗೂ ಅಷ್ಟೇ ಹೋಗುತ್ತದೆ. ಕಾಲಿಗೆ ಸರಿಹೋದ ಡೋಸ್ ಆಸೆಗೆ ವಿಪರೀತ ಆಗುತ್ತದೆ. ಪ್ರಮಿಪೆಕ್ಸೋಲ್‌ನ ಇನ್ನೊಂದು ಗುಣ ಅಂದರೆ ಡಿ3 ಅನ್ನೋ ಗ್ರಾಹಕಗಳ (ಕೋಶದ ಮೇಲೆ ಡೋಪಮಿನ್ ಕೂರುವ ಜಾಗಗಳಿಗೆ ಹಾಗನ್ನುತ್ತಾರೆ) ಕಡೆ ಅದಕ್ಕೆ ಒಲವು ಜಾಸ್ತಿ, ಆ ಡಿ3 ಹೆಚ್ಚಾಗಿ ಇರೋದು ಈ ಆಸೆಯ ಗದ್ದೆಯಲ್ಲೇ.

ಸರಿ, ವಿಪರೀತ ಆದರೆ ಜೂಜೇ ಏಕೆ? ನನಗೆ ಇಡೀ ವಿಷಯದಲ್ಲಿ ತುಂಬಾ ಕುತೂಹಲ ಹುಟ್ಟಿಸಿದ್ದು ಇದು, ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಸ್ವಿಟ್ಜರ್ಲೆಂಡಿನಲ್ಲಿ ವೋಲ್‌ಫ್ರಾಮ್ ಶುಲ್ಟ್ಸ್ ಅನ್ನೋ ವಿಜ್ಞಾನಿ ಕೋತಿಗಳ ಡೋಪಮಿನ್ ಕೋಶಗಳಿಗೆ ಸೂಕ್ಷ್ಮ ತಂತಿ ಇಟ್ಟು ಅವು ಯಾವಾಗ ಮಿಡಿಯುತ್ತವೆ ಅಂತ ಕೇಳಿಸಿಕೊಂಡರು. ಕೋತಿ ಬಾಯಿಗೆ ಒಂದು ಹನಿ ಹಣ್ಣಿನ ರಸ ಬಿದ್ದಾಗ ಕೋಶ ಚಟಪಟ ಅಂದಿತು. ನೋಡಿ, ಸುಖದ ರಸ ಅಂತ ಇಲ್ಲಿಗೇ ನಿಲ್ಲಿಸಬಹುದಿತ್ತು. ಆಮೇಲೆ ರಸಕ್ಕೆ ಮುಂಚೆ ಒಂದು ದೀಪ ಹತ್ತಿಸುವುದನ್ನು ರೂಢಿ ಮಾಡಿದರು. ಕೆಲವು ದಿನಗಳಲ್ಲಿ ಕೋಶ ದೀಪಕ್ಕೆ ಮಿಡಿಯತೊಡಗಿತು, ರಸ ಬಂದಾಗ ಸುಮ್ಮನಿತ್ತು. ಗೊತ್ತಿದ್ದದ್ದೇ ಬಂತು, ಅದರಲ್ಲೇನು ವಿಶೇಷ ಅನ್ನೋ ಹಾಗೆ. ಇನ್ನೊಂದು ದಿನ ದೀಪ ಹತ್ತಿಸಿ ರಸ ಕೊಡಲೇ ಇಲ್ಲ. ರಸ ಬರಬೇಕಿದ್ದ ಕ್ಷಣದಲ್ಲಿ ಸರಿಯಾಗಿ ಕೋಶದ ಮಿಡಿತ ಕುಸಿಯಿತು. ಅಂದರೆ ಡೋಪಮಿನ್ ಲೆಕ್ಕ ಇಡುತ್ತದೆ. ಅಂದುಕೊಂಡಿದ್ದಕ್ಕಿಂತ ಜಾಸ್ತಿ ಸಿಕ್ಕರೆ ಏರುತ್ತದೆ, ಕಮ್ಮಿ ಸಿಕ್ಕರೆ ಇಳಿಯುತ್ತದೆ, ಅಂದುಕೊಂಡಷ್ಟೇ ಸಿಕ್ಕರೆ ಅಲ್ಲಾಡುವುದಿಲ್ಲ. ಏರಿದರೆ 'ಇದನ್ನು ಮತ್ತೆ ಮಾಡು' ಅಂತ, ಇಳಿದರೆ 'ಈ ದಾರಿ ಬಿಡು' ಅಂತ ಮಿದುಳು ಕಲಿಯುತ್ತದೆ. 1997ರಲ್ಲಿ ಶುಲ್ಟ್ಸ್, ಪೀಟರ್ ದಯಾನ್, ರೀಡ್ ಮಾಂಟೆಗ್ಯೂ ಮೂವರೂ ಸೇರಿ ಇದನ್ನು ಲೆಕ್ಕಾಚಾರದ ಸಮೇತ ಪ್ರಕಟಿಸಿದರು.

ಈಗ ರಮ್ಮಿ ಆಡುತ್ತಿರುವ ಮಾವನನ್ನು ಇಲ್ಲಿ ಕೂರಿಸಿ ನೋಡಿ. ಐನೂರು ಗೆದ್ದರು, ಡೋಪಮಿನ್ ಏರಿತು. ಎರಡು ಸಾವಿರ ಸೋತರು, ಈಗ ಅದು ಕುಸಿಯಬೇಕು, ಹೊಟ್ಟೆಯಲ್ಲಿ ಚುರುಕ್ ಅನ್ನಬೇಕು, ಮೊಬೈಲ್ ಕೆಳಗಿಡಬೇಕು. ಆದರೆ ಗ್ರಾಹಕಗಳ ಮೇಲೆ ಮಾತ್ರೆ ಹಗಲೂ ರಾತ್ರಿ ಕೂತಿದೆ. ಡೋಪಮಿನ್ ಇಳಿದರೂ ಗ್ರಾಹಕಕ್ಕೆ ಇಳಿದದ್ದು ತಿಳಿಯುವುದಿಲ್ಲ. ಗೆದ್ದಿದ್ದು ಪಾಠವಾಗುತ್ತದೆ, ಸೋತಿದ್ದು ಪಾಠವಾಗುವುದಿಲ್ಲ. ಇದು ನನ್ನ ಊಹೆಯಲ್ಲ. ಅಮೆರಿಕದ ಮೈಕೆಲ್ ಫ್ರಾಂಕ್ ಮತ್ತು ಜೊತೆಗಾರರು 2004ರಲ್ಲಿ ಪಾರ್ಕಿನ್ಸನ್ ಇರುವವರಿಗೆ ಒಂದು ಆಟ ಆಡಿಸಿದರು. ಮಾತ್ರೆ ತೆಗೆದುಕೊಳ್ಳದೇ ಇದ್ದಾಗ ಅವರು ತಪ್ಪಿನಿಂದ ಚೆನ್ನಾಗಿ ಕಲಿತರು, ಮಾತ್ರೆ ತೆಗೆದುಕೊಂಡಾಗ ಸರಿ ಬಂದಿದ್ದರಿಂದ ಚೆನ್ನಾಗಿ ಕಲಿತರು. ಅದೇ ಮನುಷ್ಯರು, ಮಾತ್ರೆಯೊಂದೇ ವ್ಯತ್ಯಾಸ.

ಇನ್ನೊಂದು ಮಾತು. ಮಾವನನ್ನು ಕೇಳಿದ್ದೆ, ಆಡುವಾಗ ಖುಷಿಯಾಗುತ್ತಾ ಅಂತ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಖುಷಿ ಏನಿಲ್ಲ ಕಣೋ, ಬಿಡೋಕಾಗಲ್ಲ" ಅಂದರು. ಮಿಷಿಗನ್‌ನ ಕೆಂಟ್ ಬೆರಿಜ್ ಇಲಿಗಳಲ್ಲಿ ತೋರಿಸಿದ್ದು ಹೆಚ್ಚುಕಡಿಮೆ ಇದನ್ನೇ. ಡೋಪಮಿನ್ ಪೂರಾ ತೆಗೆದ ಇಲಿ ತಾನಾಗಿ ಹೋಗಿ ತಿನ್ನುವುದಿಲ್ಲ, ಎದುರಿಗೆ ಇಟ್ಟರೂ ಉಪವಾಸ ಬೀಳುತ್ತದೆ. ಆದರೆ ಬಾಯಿಗೆ ಸಕ್ಕರೆ ನೀರು ಬಿಟ್ಟರೆ ಮೊದಲಿನ ಹಾಗೇ ನಾಲಿಗೆ ಚಪ್ಪರಿಸುತ್ತದೆ. ರುಚಿ ಬೇರೆ, ಬೇಕು ಅನ್ನೋದು ಬೇರೆ. ಡೋಪಮಿನ್ ಈ 'ಬೇಕು'ವಿನ ಕಡೆಯದು. ಚಟ ಹತ್ತಿದವರು ಮಜಾ ಹೋದಮೇಲೂ ಏಕೆ ಬಿಡುವುದಿಲ್ಲ ಅನ್ನೋದಕ್ಕೆ ಅರ್ಧ ಉತ್ತರ ಇಲ್ಲಿದೆ.

ಇದು ಅಪರೂಪವೂ ಅಲ್ಲ. 2005ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು ಜೂಜಿಗೆ ಬಿದ್ದ ಹನ್ನೊಂದು ಪಾರ್ಕಿನ್ಸನ್ ರೋಗಿಗಳ ಬಗ್ಗೆ ಬರೆದರು, ಅವರಲ್ಲಿ ಒಂಬತ್ತು ಜನ ತೆಗೆದುಕೊಳ್ಳುತ್ತಿದ್ದದ್ದು ಪ್ರಮಿಪೆಕ್ಸೋಲ್. 2010ರಲ್ಲಿ 3,090 ರೋಗಿಗಳ ಮೇಲೆ ನಡೆದ ದೊಡ್ಡ ಅಧ್ಯಯನದಲ್ಲಿ ಈ ಜಾತಿಯ ಮಾತ್ರೆ ತೆಗೆದುಕೊಳ್ಳುವವರಲ್ಲಿ ನೂರಕ್ಕೆ 17 ಜನರಿಗೆ ಜೂಜು, ಕೊಳ್ಳುವ ಹುಚ್ಚು, ವಿಪರೀತ ತಿನ್ನೋದು, ಹತೋಟಿ ಮೀರಿದ ಲೈಂಗಿಕ ಆಸೆ ಇವುಗಳಲ್ಲಿ ಒಂದಾದರೂ ಇತ್ತು. ತೆಗೆದುಕೊಳ್ಳದವರಲ್ಲಿ ನೂರಕ್ಕೆ 7. ಫ್ರಾನ್ಸಿನಲ್ಲಿ ವರ್ಷಗಟ್ಟಲೆ ಹಿಂಬಾಲಿಸಿ ನೋಡಿದ ಅಧ್ಯಯನವೊಂದರಲ್ಲಿ ಐದು ವರ್ಷಕ್ಕೆ ಎಲ್ಲ ರೋಗಿಗಳನ್ನೂ ಸೇರಿಸಿ ನೂರಕ್ಕೆ ಸುಮಾರು 46 ಅಂತ ಬಂತು, ಅದು 2018ರ ಮಾತು. ಕೆಲವರಿಗೆ ಇನ್ನೊಂದು ವಿಚಿತ್ರವೂ ಬರುತ್ತದೆ, ಗಡಿಯಾರ, ರೇಡಿಯೊ ಬಿಚ್ಚೋದು, ಜೋಡಿಸೋದು, ಮೊಳೆಗಳನ್ನು ಸೈಜ್ ಪ್ರಕಾರ ಇಡೋದು, ಗಂಟೆಗಟ್ಟಲೆ. ಅದಕ್ಕೆ ಪಂಡಿಂಗ್ ಅಂತಾರೆ, ಸ್ವೀಡನ್ನಿನಲ್ಲಿ ಆಂಫೆಟಮಿನ್ ಚಟದವರು ಇಟ್ಟುಕೊಂಡಿದ್ದ ಪದ ಅದು.

ಚಟ ಮತ್ತು ಪಾರ್ಕಿನ್ಸನ್ ಇನ್ನೊಂದು ದಿಕ್ಕಿನಿಂದಲೂ ಒಂದು ಸಲ ಡಿಕ್ಕಿ ಹೊಡೆದಿವೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕೆಲವು ಹೆರಾಯಿನ್ ವ್ಯಸನಿಗಳು ಇದ್ದಕ್ಕಿದ್ದಂತೆ ಕಲ್ಲಾಗಿ ಹೋದರು. ಮಾತಿಲ್ಲ, ಅಲುಗಾಟವಿಲ್ಲ, ಮಾನಸಿಕ ಕಾಯಿಲೆ ಅಂದುಕೊಂಡರು. ವಿಲಿಯಂ ಲ್ಯಾಂಗ್‌ಸ್ಟನ್ ಅನ್ನೋ ನರರೋಗ ತಜ್ಞ ನೋಡಿ, ಇದು ವಯಸ್ಸಾದವರ ಪಾರ್ಕಿನ್ಸನ್ ಥರವೇ ಇದೆಯಲ್ಲ ಅಂತ ಲೀವೋಡೋಪ ಕೊಟ್ಟರು, ಕೈಕಾಲು ಆಡಿತು. ಅವರು ಚುಚ್ಚಿಕೊಂಡಿದ್ದ ಕಳ್ಳ ಹೆರಾಯಿನ್ ತಯಾರಿಸುವಾಗ ಎಡವಟ್ಟಾಗಿ ಎಂಪಿಟಿಪಿ ಅನ್ನೋ ವಿಷ ಸೇರಿಕೊಂಡಿತ್ತು, ಅದು ಆ ಕಪ್ಪು ಪಟ್ಟಿಯ ಕೋಶಗಳನ್ನೇ ಆರಿಸಿ ಕೊಂದಿತ್ತು. ಪಾರ್ಕಿನ್ಸನ್ ಸಂಶೋಧನೆಗೆ ದೊಡ್ಡ ದಾರಿ ತೆರೆದಿದ್ದು ಈ ದುರಂತ.

ನಮ್ಮ ಮನೆಗೆ ಬರೋಣ. ಟಾರ್ಚ್ ಸಿಕ್ಕ ವಾರ ಅತ್ತೆ ನನಗೆ ಬ್ಯಾಂಕ್ ಪಾಸ್‌ಬುಕ್ ತೋರಿಸಿದರು. ಎಷ್ಟು ಹೋಗಿತ್ತು ಅಂತ ಬರೆಯುವುದಿಲ್ಲ. ಮೂರು ವರ್ಷದಿಂದ ತೋರಿಸುತ್ತಿದ್ದ ಡಾಕ್ಟರು ಒಂದು ಸಲವೂ ಕೇಳಿರಲಿಲ್ಲ, 'ಹೊಸದಾಗಿ ಏನಾದರೂ ಖರ್ಚು, ಆಟ, ತಿನ್ನೋ ಆಸೆ ಜಾಸ್ತಿಯಾಗಿದೆಯಾ' ಅಂತ. ನಾವೂ ಹೇಳಿರಲಿಲ್ಲ, ನ್ಯೂರಾಲಜಿಸ್ಟ್ ಹತ್ತಿರ ಹೋಗಿ ರಮ್ಮಿ ಬಗ್ಗೆ ಯಾರು ಹೇಳುತ್ತಾರೆ? ಬೇರೆ ಡಾಕ್ಟರ್ ಹತ್ತಿರ ಹೋದಾಗ ಅವರು ಕೇಳಿದ ಎರಡನೇ ಪ್ರಶ್ನೆಯೇ ಅದು. ಅತ್ತೆ ಅಲ್ಲೇ ಅತ್ತುಬಿಟ್ಟರು. ಮಾವ ನೆಲ ನೋಡುತ್ತಾ ಕೂತಿದ್ದರು. "ಮೇಷ್ಟ್ರೇ, ಇದು ನಿಮ್ಮ ಬುದ್ಧಿಯಲ್ಲ, ನಾವು ಕೊಟ್ಟ ಮಾತ್ರೆ" ಅಂದರು ಆ ಡಾಕ್ಟರಮ್ಮ. ನಾಲ್ಕು ವರ್ಷದಲ್ಲಿ ಮಾವನಿಗೆ ಯಾರೋ ಹೇಳಿದ ಅತಿ ಒಳ್ಳೆ ಮಾತು ಅದೇ ಇರಬೇಕು.

ಆ ಮಾತ್ರೆಯನ್ನು ಒಮ್ಮೆಗೇ ನಿಲ್ಲಿಸಲಿಲ್ಲ. ದಯವಿಟ್ಟು ಇದನ್ನು ಗಮನಿಸಿ: ಮನೆಯವರು ಸಿಟ್ಟಿನಲ್ಲಿ ಮಾತ್ರೆ ಕಿತ್ತು ಎಸೆಯಬಾರದು. ಈ ಔಷಧ ಬಿಡುವಾಗಲೂ ಕೆಲವರಿಗೆ ಹೆಂಡ ಬಿಟ್ಟವರ ಹಾಗೆ ಆತಂಕ, ಬೆವರು, ಖಿನ್ನತೆ, ಮಾತ್ರೆ ಬೇಕೇಬೇಕು ಅನ್ನೋ ಹಂಬಲ ಬರುತ್ತದೆ, 2010ರಲ್ಲಿ ಅದಕ್ಕೊಂದು ಪ್ರತ್ಯೇಕ ಹೆಸರನ್ನೇ ಇಟ್ಟರು. ಲೀವೋಡೋಪ ದಿಢೀರನೆ ನಿಲ್ಲಿಸಿದರಂತೂ ಜೀವಕ್ಕೇ ಅಪಾಯ. ಮಾವನಿಗೆ ವಾರವಾರ ಸ್ವಲ್ಪಸ್ವಲ್ಪ ಇಳಿಸುತ್ತಾ ಬಂದರು, ಲೀವೋಡೋಪ ಸ್ವಲ್ಪ ಏರಿಸಿದರು. ಯುಪಿಐ ಅತ್ತೆಯ ಫೋನಿಗೆ ಹೋಯಿತು. ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳಿಗೆ ಕರ್ನಾಟಕ 2021ರಲ್ಲಿ ತಂದಿದ್ದ ನಿಷೇಧವನ್ನು ಹೈಕೋರ್ಟ್ 2022ರ ಫೆಬ್ರವರಿಯಲ್ಲಿ ರದ್ದು ಮಾಡಿತ್ತು, ಕೇಂದ್ರದ ಕಾನೂನು ಬಂದಿದ್ದು 2025ರ ಆಗಸ್ಟ್‌ನಲ್ಲಿ. ಮಾವನ ಪಾಲಿಗೆ ಎರಡೂ ಕೆಲಸಕ್ಕೆ ಬರಲಿಲ್ಲ, ಅವರ ಆಟ ನಡೆದಿದ್ದು ಮಧ್ಯದಲ್ಲಿ.

ನಾಲ್ಕು ತಿಂಗಳಿಗೆ ರಮ್ಮಿ ನಿಂತಿತು. ಮನಸ್ಸು ಗಟ್ಟಿ ಮಾಡಿ ನಿಲ್ಲಿಸಿದ್ದಲ್ಲ. "ಮರೆತೇ ಹೋಯ್ತು ಕಣೋ" ಅಂದರು. ಅದು ನಿಂತದ್ದಕ್ಕೆ ಬೆಲೆಯೂ ಕಟ್ಟಬೇಕಾಯಿತು. ನಡಿಗೆ ಮೊದಲಿನಷ್ಟು ಸಲೀಸಾಗಿಲ್ಲ. ದಿನಕ್ಕೆ ಐದು ಸಲ ಮಾತ್ರೆ, ಅದೂ ಊಟ ತಿಂಡಿಗೆ ಅರ್ಧ ಗಂಟೆ ಮುಂಚೆ, ಏಕೆಂದರೆ ಬೇಳೆ, ಮೊಟ್ಟೆಯ ಪ್ರೋಟೀನ್ ಲೀವೋಡೋಪದ ಜೊತೆ ಒಂದೇ ಬಾಗಿಲಲ್ಲಿ ನುಗ್ಗೋದಕ್ಕೆ ಪೈಪೋಟಿ ಮಾಡುತ್ತದೆ. ಮುದ್ದೆ ಜೊತೆ ಹುರುಳಿಕಾಳಿನ ಸಾರು ಇದ್ದ ದಿನ ಮಾತ್ರೆ ಹೊತ್ತು ತಪ್ಪಿದರೆ ಮಧ್ಯಾಹ್ನವೆಲ್ಲ ಕುರ್ಚಿಯಲ್ಲೇ. ಅತ್ತೆ ಕ್ಯಾಲೆಂಡರಿನ ಹಾಲಿನ ಲೆಕ್ಕದ ಪಕ್ಕದಲ್ಲೇ 'ಆನ್', 'ಆಫ್' ಅಂತ ಬರೆದಿಡುತ್ತಾರೆ, ಡಾಕ್ಟರಿಗೆ ಅದನ್ನೇ ಹಿಡಿದುಕೊಂಡು ಹೋಗುತ್ತಾರೆ. ಯಾವ ಸ್ಕ್ಯಾನ್‌ಗಿಂತಲೂ ಅದು ಹೆಚ್ಚು ಉಪಯೋಗಕ್ಕೆ ಬಂದಿದೆ.

ನಿಮ್ಮ ಮನೆಯಲ್ಲಿ ಪ್ರಮಿಪೆಕ್ಸೋಲ್ ಜಾತಿಯ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ, ಹೊಸದಾಗಿ ಇಂಥ ಚಟ ಏನಾದರೂ ಶುರುವಾಗಿದೆಯಾ ಅಂತ ಅವರನ್ನೇ ಕೇಳಿ, ಜೊತೆಗೆ ಅವರ ಜೊತೆ ಇರುವವರನ್ನೂ ಬೇರೆಯಾಗಿ ಕೇಳಿ. ಮಾಡುವವರು ಮುಚ್ಚಿಡುತ್ತಾರೆ, ಎಷ್ಟೋ ಸಲ ಅವರಿಗೇ ಅದು ತಪ್ಪು ಅನ್ನಿಸಿರುವುದಿಲ್ಲ. ಲೈಂಗಿಕ ವಿಷಯವಾದರೆ ಹೆಂಡತಿಯರು ಬಾಯಿ ಬಿಡುವುದೇ ಇಲ್ಲ. ಹಿಂದೆ ಕುಡಿತ, ಸಿಗರೇಟು, ಜೂಜು ಇದ್ದವರಿಗೆ, ಅಥವಾ ಮನೆತನದಲ್ಲಿ ಜೂಜು ಇದ್ದವರಿಗೆ ಅಪಾಯ ಜಾಸ್ತಿ. ಈ ಮಾತ್ರೆ ಶುರು ಮಾಡುವ ದಿನವೇ ಡಾಕ್ಟರಿಗೆ ಅದನ್ನು ಹೇಳಿಬಿಡಿ. ಮಾವನಿಗೆ ಇದ್ಯಾವುದೂ ಇರಲಿಲ್ಲ, ಆದರೂ ಬಂತು. ಯಾರ ಹತ್ತಿರ ಮಾತಾಡಬೇಕು ಅಂತ ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ.

ಟಾರ್ಚ್‌ಗಳಲ್ಲಿ ಹನ್ನೆರಡನ್ನು ನೆಂಟರಿಷ್ಟರಿಗೆ ಹಂಚಿದೆವು. ಎರಡು ಉಳಿದಿವೆ. ಪಾರ್ಕಿನ್ಸನ್ ಇರುವವರಿಗೆ ಬಾಗಿಲ ಹತ್ತಿರ ಬಂದ ತಕ್ಷಣ ಕಾಲು ನೆಲಕ್ಕೆ ಅಂಟಿಕೊಂಡ ಹಾಗಾಗುತ್ತದೆ. ಆದರೆ ನೆಲದ ಮೇಲೆ ಒಂದು ಗೆರೆ ಕಂಡರೆ ಅದನ್ನು ದಾಟೋದಕ್ಕೆ ಕಾಲು ಏಳುತ್ತದೆ, ಕಣ್ಣಿನಿಂದ ಬಂದ ಅಪ್ಪಣೆ ಬೇರೆ ದಾರಿ ಹಿಡಿಯುತ್ತದೆ ಅಂತ ಡಾಕ್ಟರಮ್ಮ ಹೇಳಿದರು. ಹಗಲಲ್ಲಿ ಅತ್ತೆ ಹೊಸಿಲ ಮುಂದೆ ರಂಗೋಲಿ ಪುಡಿಯಲ್ಲಿ ಒಂದು ಅಡ್ಡಗೆರೆ ಎಳೆದಿರುತ್ತಾರೆ. ರಾತ್ರಿ ಬಾತ್‌ರೂಮಿಗೆ ಎದ್ದಾಗ ಬಾಗಿಲಲ್ಲಿ ನಿಂತುಬಿಟ್ಟರೆ ಮಾವ ಟಾರ್ಚ್ ಒತ್ತಿ ಒಂದು ಹೆಜ್ಜೆ ಮುಂದಕ್ಕೆ ಬೆಳಕು ಬಿಡುತ್ತಾರೆ, ಆಮೇಲೆ ಅದರ ಮೇಲೆ ಕಾಲಿಡುತ್ತಾರೆ.